ಒಂದೂವರೆ ಸೀನು

ಬಿಳಿಗೆರೆ ದ್ರಾಕ್ಷಾಯಣಮ್ಮನವರ ಬದುಕು ಮತ್ತು ಸಾಧನೆಯ ಬಗ್ಗೆ ಮಾತಾಡುವವರು ಅತ್ಯಂತ ಗಂಭೀರವಾಗಿ ಪರಿಗಣಿಸಬೇಕಾದ ಸಂಗತಿಯೆಂದರೆ ಒಂದು ಸೀನು. ಅವರು ಅರವತ್ತು ವರ್ಷ ಏಕತಾರಿ ಹಿಡಿದು ತತ್ವಪದ ಹಾಡಿದವರು, ಪತ್ರಿಕೆಗಳಿಂದ ‘ಆತ್ಮದ ಗಾಯಕಿ’ ಎನ್ನಿಸಿಕೊಂಡವರು, ಸನ್ಮಾನದ ಶಾಲು ಹೊದಿಸಿದವರನ್ನು ವೇದಿಕೆಯಲ್ಲೇ “ಇದು ಒಗೆದ್ರೆ ಬಣ್ಣ ಬಿಡ್ತದಾ?” ಎಂದು ವಿಚಾರಿಸಿದವರು. ಅವೆಲ್ಲ ಒಂದು ತೂಕ. ಮನೆಯಲ್ಲೇ ಟೇಪ್ ಮಾಡಿದ ಅವರ ಕೊನೆಯ ಕ್ಯಾಸೆಟ್ಟಿನಲ್ಲಿ, ಮೂರನೆಯ ನುಡಿ ಮುಗಿದು ಪಲ್ಲವಿಗೆ ಮರಳುವ ಸಂದಿನಲ್ಲಿ ಬೀಳುವ ಆ ಸೀನು ಒಂದು ತೂಕ.

ಸರಿಯಾಗಿ ಹೇಳಬೇಕೆಂದರೆ ಅದು ಒಂದೂವರೆ ಸೀನು. ಒಂದು ಪೂರ್ತಿ, ಹಿಂದೆಯೇ ನುಂಗಿಕೊಂಡ ಅರ್ಧ. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ. ಒಂದೂವರೆಗೆ ಯಾವ ಪಂಚಾಂಗದಲ್ಲೂ ಫಲ ಬರೆದಿಲ್ಲ.

ಅದಕ್ಕೆ ಫಲ ಬರೆದವನು ಜ್ಞಾನೇಶ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನು. ಅಟ್ಟದ ಮೇಲೆ ಹತ್ತು ತಿಂಗಳು ಕೂತ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಕುಲುಕಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲ. ಅಂಥ ಕಿವಿ ಇರುವವನಿಗೆ ಸ್ವಲ್ಪ ಜಂಬವೂ ಇರುತ್ತದೆ. ಹೋದ ವರ್ಷ ದ್ರಾಕ್ಷಾಯಣಮ್ಮ ತೀರಿಕೊಂಡ ಮೇಲೆ ಅವರ ಕ್ಯಾಸೆಟ್ಟುಗಳನ್ನೆಲ್ಲ ಯೂಟ್ಯೂಬಿಗೆ ಹಾಕತೊಡಗಿದ. ಆ ಕೊನೆಯ ಹಾಡಿಗೆ ಜನ ಮುಗಿಬಿದ್ದರು. ತುರುವೇಕೆರೆಯಲ್ಲಿ ನಡೆಯಲಿರುವ ಪುಣ್ಯಸ್ಮರಣೆಯ ಸಂಚಿಕೆಗೆ ಜ್ಞಾನೇಶ ನಾಲ್ಕು ಪುಟದ ಲೇಖನ ಬರೆದ: ದೊಡ್ಡವರ ಸೀನು ಕೂಡ ತಾಳ ತಪ್ಪುವುದಿಲ್ಲ ಎಂಬುದು ಅದರ ಸಾರ.

ಕ್ಯಾಸೆಟ್ಟಿಗಾಗಿ ಭಾನುವಾರ ಭಾನುವಾರ ಬಿಳಿಗೆರೆಗೆ ಹೋಗುತ್ತಿದ್ದ. ತೆಗೆದುಕೊಡುತ್ತಿದ್ದವಳು ಮೊಮ್ಮಗಳು ಇಂಪನಾ. ಜಗಲಿಯಲ್ಲಿ ಕಾಫಿ ಹಿಡಿದು ಕೂತ ಜ್ಞಾನೇಶ ಆ ಕೊನೆಯ ಹಾಡಿನ ಬಗ್ಗೆ ಮಾತಾಡುತ್ತಿದ್ದ. ಅಜ್ಜಿಯ ವಯಸ್ಸಿನವರ ಬಗ್ಗೆ ತಾನೇ, ಸಂಕೋಚವೇಕೆ? ಆ ದನಿ ಸಂಜೆ ಮಂಡಿಯ ಬಾಗಿಲು ಹಾಕುವಾಗ ಪಕ್ಕದಲ್ಲೇ ಬಂದು ನಿಲ್ಲುತ್ತದೆ ಎಂದ. ಇನ್ನೊಂದು ವಾರ, ಅದು ಉಸಿರು ಎಳೆದುಕೊಳ್ಳುವಾಗ ತನ್ನ ಉಸಿರು ನಿಲ್ಲುತ್ತದೆ ಎಂದ. ಮೂರು ಹೆಣ್ಣು ನೋಡಿ ಬಂದದ್ದಾಯಿತು, ಯಾರ ಮಾತೂ ಆ ದನಿಯ ಹಾಗಿಲ್ಲ ಎಂದೂ ಒಪ್ಪಿಕೊಂಡ.

ಇಂಪನಾ ಲೋಟದ ಅಂಚು ನೋಡುತ್ತಿದ್ದಳು. ಕಿವಿಯ ತುದಿ ಕೆಂಪಗಾಗುತ್ತಿತ್ತು. ಅದು ಅಜ್ಜಿಯನ್ನು ನೆನೆದ ದುಃಖವೆಂದು ಜ್ಞಾನೇಶ ತಿಳಿದ. ಕಿವಿ ಚುರುಕಿದ್ದವರಿಗೆ ಕಣ್ಣೂ ಚುರುಕಿರಬೇಕೆಂಬ ನಿಯಮವಿಲ್ಲ.

ಪುಣ್ಯಸ್ಮರಣೆಗೆ ಒಂದು ವಾರವಿದ್ದಾಗ, ಉಳಿದ ಕ್ಯಾಸೆಟ್ಟು ಹುಡುಕಲು ಇಬ್ಬರೂ ಅಟ್ಟ ಹತ್ತಿದರು. ಹಳೆ ಟೇಪ್‌ರೆಕಾರ್ಡರ್ ಕಾಯಿಗಳ ಹಿಂದಿತ್ತು. ಜ್ಞಾನೇಶ ಅಭ್ಯಾಸಬಲದಿಂದ ಒಂದು ಕಾಯಿ ಎತ್ತಿ ಕುಲುಕಿದ. ದೂಳೆದ್ದಿತು. ಇಂಪನಾ ಸೀನಿದಳು. ಹಿಂದೆಯೇ ಅರ್ಧ ನುಂಗಿಕೊಂಡಳು.

ಕಾಯಿ ಅವನ ಕಿವಿಯ ಹತ್ತಿರವೇ ಉಳಿಯಿತು.

“ಇನ್ನೊಂದ್ಸಲ ಸೀನ್ರಿ” ಎಂದ.

“ಹೇಳ್ದಾಗೆಲ್ಲ ಬರಕ್ಕೆ ಅದೇನು ಆಟೋನಾ?”

“ಆ ಹಾಡು ನಿಮ್ದು.”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಹೂಂ” ಎಂದಳು.

ಜ್ಞಾನೇಶ ಕಾಯಿಗಳ ಮೇಲೆಯೇ ಕುಕ್ಕರಿಸಿದ. ಸಂಚಿಕೆಯ ನಾಲ್ಕು ಪುಟ ಮೊದಲು ನೆನಪಾಗಲಿಲ್ಲ. ನೆನಪಾದದ್ದು ಜಗಲಿಯ ಭಾನುವಾರಗಳು. ಎಂಬತ್ತರ ಅಜ್ಜಿಗೆಂದು ಆಡಿದ ಒಂದೊಂದು ಮಾತೂ, ಎದುರಿಗೇ ಕೂತಿದ್ದ ಇಪ್ಪತ್ತೇಳರ ಹೆಣ್ಣಿಗೆ ಹೋಗಿ ಮುಟ್ಟಿತ್ತು. ಉಸಿರಿನ ಮಾತು ನೆನಪಾದಾಗ ಅಟ್ಟದಿಂದ ಹಾರಿಬಿಡೋಣವೆನ್ನಿಸಿತು. ಅಟ್ಟ ಅಷ್ಟು ಎತ್ತರವಿರಲಿಲ್ಲ.

“ಯಾಕ್ರೀ ಹೇಳ್ಲಿಲ್ಲ?”

“ಮಾಯಸಂದ್ರದಲ್ಲಿ ನನ್ ಹೆಸರಲ್ಲೇ ಹಾಡಿದ್ದೆ. ‘ಅಜ್ಜಿ ಥರ ಇಲ್ಲ ಬುಡು’ ಅಂತ ಎದ್ದೋದ್ರು. ಅದೇ ಗಂಟಲಿಗೆ ಅಜ್ಜಿ ಹೆಸರು ಹಾಕಿದ್ರೆ ಊರೆಲ್ಲ ಅಳ್ತಾರೆ.” ಟೇಪ್‌ರೆಕಾರ್ಡರಿನ ಮೇಲಿನ ದೂಳು ಒರೆಸಿದಳು. “ಮೊದ್ಲನೇ ಭಾನ್ವಾರನೇ ಹೇಳ್ಬೇಕಿತ್ತು. ನೀವು ಮಾತಾಡಕ್ಕೆ ಶುರು ಮಾಡುದ್ರಿ. ಇನ್ನೊಂದು ವಾರ ಕೇಳಣ ಅನ್ನಿಸ್ತು. ಬೇರೆಯವ್ರ ಎಲೆಗೆ ಬಡ್ಸಿದ್ದನ್ನ ಉಂಡಂಗೆ, ನಾಚಿಕೆ ಆಗ್ತಿತ್ತು. ಆದ್ರೂ ಉಂಡೆ.”

ಮುಂದಿನ ಭಾನುವಾರ ಆ ಹಾಡನ್ನು ಸಾವಿರ ಜನರ ಮುಂದೆ ಹಾಕುವುದಿತ್ತು. ನಿಜ ಹೇಳಿದರೆ ಅವನ ಕಿವಿಯ ಮಾನ ಹೋಗುತ್ತದೆ, ಅವಳಿಗೆ ಕಳ್ಳಿಯೆಂಬ ಹೆಸರು ಬರುತ್ತದೆ. ಜ್ಞಾನೇಶ ತಗ್ಗಿದ ದನಿಯಲ್ಲಿ, “ಸೀನು ಕಟ್ ಮಾಡ್ಬೋದು. ಯಾರ್ಗೂ ಗೊತ್ತಾಗಲ್ಲ” ಎಂದ. ಹೇಳಿದ ಕೂಡಲೇ ಅದಕ್ಕೂ ನಾಚಿದ.

ಇಂಪನಾ ಮೊದಲ ಸಲ ಅವನನ್ನು ನೇರ ನೋಡಿದಳು. “ರೆಕಾರ್ಡ್ ಬಟನ್ ಒತ್ತಿದ್ದು ಅಜ್ಜಿನೇ ಕಣ್ರೀ. ನಾನು ಸೀನಿ ನಿಲ್ಸಕ್ಕೋದೆ. ‘ಸೀನು ಸೀನಿನ ಪಾಡಿಗೆ ಬತ್ತದೆ, ನೀನು ಹಾಡೇ’ ಅಂದ್ರು. ಅವ್ರು ಇಟ್ಟಿದ್ದನ್ನ ನಾವು ಕಟ್ ಮಾಡೋದಾ?”

ತುರುವೇಕೆರೆಯ ವೇದಿಕೆಯಲ್ಲಿ ಜ್ಞಾನೇಶ ಮೈಕು ಹಿಡಿದು, ಆ ಹಾಡು ದ್ರಾಕ್ಷಾಯಣಮ್ಮನವರದಲ್ಲ, ಲೇಖನ ಪೂರ್ತಿ ತಪ್ಪು, ಹಾಡಿದವರು ಇಲ್ಲೇ ಇದ್ದಾರೆ ಎಂದ. ಹಿಂದಿನ ಸಾಲಿನಿಂದ ಯಾರೋ, “ಅದು ಕಾಯಿ ಕುಲುಕೋ ಕಿವಿ ಕಣ್ಲಾ” ಎಂದರು, ಸಭೆ ನಕ್ಕಿತು. ಅಧ್ಯಕ್ಷ ಮಲ್ಲಿಕಾರ್ಜುನಯ್ಯನವರು ಮಾತ್ರ ನಗದೆ ಸಂಚಿಕೆಯನ್ನು ಮಗುಚಿಟ್ಟರು.

ಇಂಪನಾ ತಲೆ ತಗ್ಗಿಸಿಯೇ ಬಂದು ಕೂತಳು. ಮೊದಲ ಎರಡು ಸಾಲು ನಡುಗಿದವು. ಮೂರನೆಯದರಿಂದ ನಡುಗಲಿಲ್ಲ. ಯಾರೂ ಅಳಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಪಲ್ಲವಿಗೆ ಮರಳುವ ಸಂದಿನಲ್ಲಿ ಸಭೆಯೆಲ್ಲ ಕಾದಿತು. ಅವಳು ಸೀನಲಿಲ್ಲ.

ಸಭೆ ಮುಗಿದ ಮೇಲೆ, ಜೋಡಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳ ಮರೆಯಲ್ಲಿ ಜ್ಞಾನೇಶ ಅವಳಿಗೆ ನೀರು ಕೊಟ್ಟ. ಲೋಟ ಕೈ ಬದಲಾಯಿಸುವಾಗ ಇಬ್ಬರೂ ಬೇರೆ ಕಡೆ ನೋಡಿದರು.

“ಭಾನ್ವಾರಗಳಲ್ಲಿ ಹೇಳಿದ್ದನ್ನ ವಾಪಸ್ ತಗಳಕ್ಕೆ ನೋಡ್ದೆ. ಆಗ್ತಿಲ್ಲ” ಎಂದ.

“ತಗೋಬೇಡಿ.”

“ಹಂಗಾದ್ರೆ ವಿಳಾಸ ಬದ್ಲಾಯಿಸ್ಲಾ?”

ಅವಳು ನೀರು ಪೂರ್ತಿ ಕುಡಿದು, ಲೋಟ ಅವನ ಕೈಗೇ ಕೊಟ್ಟಳು. “ಈ ಸಲ ಕೇಳಿಸ್ಕಂಡು ಬರೀರಿ” ಎಂದಳು. ಕಿವಿಯ ತುದಿ ಕೆಂಪಗಿತ್ತು, ಅವನು ನೋಡಿದ.

ಆ ವಾರವೇ ಹಾಡಿನ ಕೆಳಗಿನ ಹೆಸರು ಬದಲಾಯಿತು. ವೈಶಾಖದಲ್ಲಿ ಅವರ ಮದುವೆಯಾಯಿತು.