ಮಸಿರಾಣಿಯ ಕಡೆಯವಳು

"ಹೆಸರು ಬೇಡ," ಎಂದೆ.

ಅವನ ಪೆನ್ನು ನಿಂತಿತು. ನನ್ನ ಹಿಂದೆ ಸಾಲಿನಲ್ಲಿದ್ದವರ ಮಾತೂ ನಿಂತಿತು.

ನಮ್ಮ ಲಿಯೇಜ್ ಊರಿನ ಕಾಮಿಕ್ಸ್ ಅಂಗಡಿಗಳಲ್ಲಿ ಶನಿವಾರ ಚಿತ್ರಗಾರ ಬಂದು ಕೂತರೆ, ನೀವು ಕೊಂಡ ಪುಸ್ತಕದ ಮೊದಲ ಖಾಲಿ ಪುಟದಲ್ಲಿ ಒಂದು ಚಿತ್ರ ಬಿಡಿಸಿ, ಕೆಳಗೆ ನಿಮ್ಮ ಹೆಸರು ಹಾಕಿ ಕೊಡುತ್ತಾನೆ. ಹೆಸರು ಬಿದ್ದ ಪುಟವನ್ನು ಬೇರೆ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಹೆಸರು ಬೇಡ ಎನ್ನುವವರು ಒಂದೇ ತರದ ಜನ: ಮನೆ ತಲುಪುವ ಮೊದಲೇ ಅದನ್ನು ನೆಟ್ಟಿನಲ್ಲಿ ಮಾರಾಟಕ್ಕೆ ಇಡುವವರು. ಸಾಲಿನಲ್ಲಿ ಅವರನ್ನು ಕಂಡರೆ ಯಾರಿಗೂ ಆಗುವುದಿಲ್ಲ.

"ಹೆಸರಿಲ್ದೇ ಹುಟ್ಟಿದ್ರಾ?" ಎಂದ ಅನ್ಸೆಲ್ಮ್ ಗಿಯೋ, ತಲೆ ಎತ್ತದೆ.

"ಹೆಸರಿಟ್ಕೊಂಡೇ ಹುಟ್ಟಿದ್ದು. ನಿಮಗೆ ಹೇಳ್ಬೇಕು ಅಂತೇನಿಲ್ಲ."

"ಸರಿ. ಯಾವಾಗ ಮಾರ್ತೀರಾ? ಊಟಕ್ಕೆ ಮುಂಚೆನಾ, ಆಮೇಲಾ?"

"ನೀವು ಬಿಡಿಸೋ ವೇಗ ನೋಡಿದ್ರೆ ರಾತ್ರಿ ಊಟಕ್ಕೂ ಮನೆಗೆ ಹೋಗಲ್ಲ ನಾನು."

ಹಿಂದೆ ಮಡಿಸುವ ಸ್ಟೂಲಿನ ಮೇಲೆ ಕೂತಿದ್ದ ರೈಲ್ವೆಯಿಂದ ನಿವೃತ್ತನಾದ ಮುದುಕ, ಮಾಸ್ಯೋ ಪಿರಾರ್, "ನಾಚಿಕೆ ಇಲ್ಲ ಇವಕ್ಕೆ," ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದ.

ಅನ್ಸೆಲ್ಮ್ ಈಗ ತಲೆ ಎತ್ತಿದ. ಮೂಗಿನ ತುದಿಗೆ ಜಾರಿದ ಕನ್ನಡಕ, ಎಡಗಡೆ ಒಂದಿಷ್ಟು ಕೆಳಗೆ. ಬೆರಳ ತುಂಬ ಕಪ್ಪು ಶಾಯಿ. ಮತ್ತೆ ಬಗ್ಗಿ, ಏಳೆಂಟು ಗೆರೆಗಳಲ್ಲಿ ನಾನು ಕೇಳಿದ ಖಳನಾಯಕಿ ಮಸಿರಾಣಿಯನ್ನು ಬಿಡಿಸಿ ಪುಸ್ತಕ ತಳ್ಳಿದ. ಉದ್ದ ಕೋಟು, ಅಗಲ ಭುಜ, ಗಾಳಿಗೆ ಹಾರುವ ಕೂದಲು. ಎಲ್ಲ ಬೆನ್ನಿನ ಕಡೆಯಿಂದ. ಅವಳು ನನ್ನನ್ನು ಬಿಟ್ಟು ನಡೆದು ಹೋಗುತ್ತಿದ್ದಳು.

"ಮುಖ ಎಲ್ಲಿ?"

"ಹೆಸರು ಕೊಟ್ಟೋರಿಗೆ ಮುಖ. ಮುಂದಿನವರು ಬನ್ನಿ!"

ಹೊರಗೆ ಬಂದು ಸೇತುವೆಯವರೆಗೂ ಅವನನ್ನು ಬೈದುಕೊಂಡೇ ನಡೆದೆ.

ಹೆಸರು ಹೇಳಲಾಗದೆ ಇದ್ದುದಕ್ಕೆ ಕಾರಣವಿತ್ತು. ವಾರವೆಲ್ಲ ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಆದರೆ ಎರಡು ತಿಂಗಳಿಗೊಮ್ಮೆ, ಪಿನ್ನು ಹೊಡೆದ ಹದಿನಾರು ಪುಟದ ಕಾಮಿಕ್ಸ್ ಅಭಿಮಾನಿಗಳ ಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತೇನೆ. ಓದುವವರು ಮುನ್ನೂರು ಜನ, ಬೈಯುವವರು ಅಷ್ಟೇ ಜನ. ಕೆಳಗೆ ಎಸ್. ಕೊಲ್ಸೋನ್ ಎಂದು ನನ್ನದೇ ಹೆಸರಿನ ಸಹಿ.

ಕ್ಯಾಪ್ಟನ್ ಬೊರೆಲ್‌ನನ್ನು ನಾನು ಎಂದೂ ಸಹಿಸಿದವಳಲ್ಲ. ಮಸಿರಾಣಿಯ ಕಾಮಿಕ್ಸಿನ ಹೀರೊ ಅವನು, ನಲವತ್ತು ವರ್ಷದಿಂದ ಅದೇ ಚೌಕ ಗದ್ದ. ಸುರಂಗ ಮೈಮೇಲೆ ಕುಸಿದರೂ ಕೂದಲು ಕೆದರದು. ಒಮ್ಮೆಯೂ ತಪ್ಪು ಮಾಡಿಲ್ಲ, ಅದಕ್ಕೇ ಯಾರ ತಪ್ಪೂ ಅವನಿಗೆ ಅರ್ಥವಾಗುವುದಿಲ್ಲ. ಈ ಹೀರೊಗಳಿಗೆ ಬೇರೆಯವರು ಏನಾದರೂ ಕೆಟ್ಟದ್ದು ಮಾಡುವವರೆಗೂ ಕೆಲಸವೇ ಇರುವುದಿಲ್ಲ. ಬೆಳಿಗ್ಗೆ ಎದ್ದು ಇವತ್ತು ಏನು ಮಾಡಲಿ ಎಂದು ಯೋಚಿಸುವವರು ಖಳರು ಮಾತ್ರ.

ಮಸಿರಾಣಿ ಹಾಗೆ ಯೋಚಿಸುವವಳು. ಗಂಡನನ್ನು ಕಲ್ಲಿದ್ದಲ ಗಣಿಯಲ್ಲಿ ಕಳೆದುಕೊಂಡು, ಆ ಕಲ್ಲಿದ್ದಲಿನಿಂದ ಉರಿಯುವ ಊರಿನ ಒಂದೊಂದು ದೀಪವನ್ನೂ ಆರಿಸುತ್ತೇನೆಂದು ಹೊರಟವಳು. ಹಳೆಯ ಕಾಮಿಕ್ಸಿನಲ್ಲಿ ಅವಳು ಬರೀ ಒಂದು ಕಪ್ಪು ನೆರಳು. ಟಿವಿಯ ಕಾರ್ಟೂನಿಗಾಗಿ ಅವಳಿಗೆ ಮುಖ ಕೊಟ್ಟವನು ಅನ್ಸೆಲ್ಮ್. ದಪ್ಪ ಹುಬ್ಬು, ನಗದ ಬಾಯಿ, ಯಾರ ಅನುಮತಿಯನ್ನೂ ಕೇಳದ ಕಣ್ಣು. ಮೊದಲ ಸಲ ನೋಡಿದಾಗ ನಾನು ಅತ್ತುಬಿಟ್ಟೆ. ನನ್ನದೂ ಅಂಥದೇ ಹುಬ್ಬು. ಚಿಕ್ಕಂದಿನಿಂದ ಕಂಡವರೆಲ್ಲ "ಸ್ವಲ್ಪ ನಗು ಮಗು" ಎಂದು ಹೇಳಿ ಹೇಳಿ ಸಾಕುಮಾಡಿದ್ದರು. ಅವಳಿಗೆ ಹಾಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೋದ ವರ್ಷ ಕಾರ್ಟೂನಿನ ಕೊನೆಯ ಕಂತು ಬಂತು. ಮಸಿರಾಣಿ ಅತ್ತಳು, ಕ್ಷಮೆ ಕೇಳಿದಳು, ಮುಖ ತೊಳೆದುಕೊಂಡು ಬಂದು ಬೊರೆಲ್‌ನ ಮುಂದೆ ಕಾಫಿ ತಟ್ಟೆ ಹಿಡಿದು ನಿಂತಳು. ಬಿಡಿಸಿದವನು ಅದೇ ಅನ್ಸೆಲ್ಮ್. ನನಗೆ ಮೈಯೆಲ್ಲ ಉರಿದುಹೋಯಿತು. "ಕಾಫಿ ತಟ್ಟೆ ಹಿಡಿದು ನಿಲ್ಲುವುದಕ್ಕಿಂತ ಅವಳು ಸತ್ತಿದ್ದರೆ ಚೆನ್ನಾಗಿತ್ತು. ಇದನ್ನು ಬಿಡಿಸಿದ ಕೈಗೆ ಆರು ತಿಂಗಳು ಪ್ಲಾಸ್ಟರ್ ಹಾಕಿಸಬೇಕು," ಎಂದು ಬರೆದೆ.

ಅಷ್ಟು ಬರೆದ ಮೇಲೂ ಆ ಕೈಯಿಂದಲೇ ಅವಳ ಮುಖ ಬೇಕೆಂದು ಎರಡು ಗಂಟೆ ಸಾಲಿನಲ್ಲಿ ನಿಂತಿದ್ದೆ. ನನ್ನಂಥವರಿಗೆ ಮಾನ ಮರ್ಯಾದೆ ಇರುವುದಿಲ್ಲ.

ಸೋಮವಾರ ಬೆಳಿಗ್ಗೆ ಕನ್ನಡಕದ ಅಂಗಡಿಯ ಬಾಗಿಲ ಗಂಟೆ ಸದ್ದಾಯಿತು. ಒಳಗೆ ಬಂದವನು ಅನ್ಸೆಲ್ಮ್. ಕನ್ನಡಕದ ಕಾಲು ಮುರಿದು, ಅದಕ್ಕೆ ಹಳದಿ ಟೇಪು ಸುತ್ತಿತ್ತು.

"ಪುಸ್ತಕದ ಅಂಗಡಿಯೋರು ಪಕ್ಕದಲ್ಲೇ ಇದೆ ಹೋಗಿ ಅಂದ್ರು. ಸಾಲಿನಲ್ಲಿ ಒಬ್ಬ ಅಜ್ಜ ಇದರ ಮೇಲೆ ಸ್ಟೂಲ್ ಇಟ್ಟುಬಿಟ್ಟ..." ನನ್ನನ್ನು ನೋಡಿ ಮಾತು ನುಂಗಿದ. ಎದೆಯ ಮೇಲಿನ ಬಿಲ್ಲೆಯನ್ನು ಕಣ್ಣು ಕಿರಿದು ಮಾಡಿ ಓದಿದ. "ಸೆವರಿನ್. ಅಂತೂ ಹೆಸರಿದೆ! ಏನು ಮೇಡಂ, ಮಾರಿ ಆಯ್ತಾ?"

ಬಿಲ್ಲೆಯಲ್ಲಿ ಬರೀ ಸೆವರಿನ್ ಇರುತ್ತದೆ, ಕೊಲ್ಸೋನ್ ಇರುವುದಿಲ್ಲ. ಬದುಕಿದೆ ಅಂದುಕೊಂಡೆ.

"ಬೆನ್ನನ್ನ ಯಾರು ಕೊಳ್ತಾರೆ? ಕೂತ್ಕೊಳ್ಳಿ. ಗದ್ದ ಎತ್ತಿ. ನನ್ನ ಮೂಗು ನೋಡಿ."

"ಯಾಕೆ?"

"ಅಳತೆ ತಗೋಬೇಕು. ನಂಗೇನು ನಿಮ್ಮನ್ನ ನೋಡೋ ಆಸೆ ಇಲ್ಲ."

ಅವನು ನನ್ನ ಮೂಗನ್ನು ನೋಡಲಿಲ್ಲ, ಹುಬ್ಬನ್ನು ನೋಡಿದ. ಅವನ ಬಲಗಣ್ಣು ಕಂದು, ಎಡಗಣ್ಣಿನಲ್ಲಿ ಒಂದು ಚೂರು ಹಸಿರು. ಕಣ್ಣುಗಳ ನಡುವೆ ಅರವತ್ತಮೂರು ಮಿಲಿಮೀಟರ್. ಬರೆದುಕೊಳ್ಳುವಾಗ ಮೂವತ್ತಾರು ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದೆ.

"ಬೊರೆಲ್ ಬೇಡ ಅಂದು ಮಸಿರಾಣಿನೇ ಯಾಕೆ ಕೇಳಿದ್ರಿ?" ಎಂದ.

"ಬೊರೆಲ್‌ಗೆ ಗದ್ದ ಬಿಟ್ರೆ ಬೇರೇನಿದೆ?"

"ಆ ಗದ್ದದಿಂದಲೇ ನನ್ನ ಮನೆ ಬಾಡಿಗೆ ನಡೆಯೋದು ಮೇಡಂ."

"ಹಾಗಾದ್ರೆ ಗದ್ದನೇ ಬಿಡಿಸ್ಕೊಂಡಿರಿ. ಹೆಂಗಸರ ಕೈಗೆ ತಟ್ಟೆ ಕೊಡಬೇಡಿ."

ಅವನ ಮುಖ ಗಂಟಾಯಿತು. ನಾನು ಹೊಸ ಕಾಲು ಕೂರಿಸಿಕೊಟ್ಟ ಕನ್ನಡಕ ಹಾಕಿಕೊಂಡು, ಥ್ಯಾಂಕ್ಸ್ ಕೂಡ ಹೇಳದೆ ಹೋದ.

ಬುಧವಾರ ಮತ್ತೆ ಬಂದ. ಕಿವಿ ಹಿಂದೆ ಒತ್ತುತ್ತದಂತೆ. ಪರೀಕ್ಷೆ ಮಾಡಿದೆ, ಎಲ್ಲೂ ಒತ್ತುತ್ತಿರಲಿಲ್ಲ. ಆದರೂ ಕನ್ನಡಕದ ಕಾಲನ್ನು ಬಿಸಿ ಮಾಡಿ, ಬಗ್ಗಿಸಿ, ಅವನ ಕಿವಿಯ ಹಿಂದೆ ಬೆರಳಿಟ್ಟು ನೋಡಿದೆ. ಅವನ ಕಿವಿ ಕೆಂಪಾಗಿತ್ತು. ಬಿಸಿಗೆ ಇರಬೇಕು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

"ಖಳರಿಗೆ ಸುಸ್ತಾಗಲ್ವಾ? ನಾಲ್ಕು ವರ್ಷ ಸಿಟ್ಟು ಮಾಡ್ಕೊಂಡಿದ್ಲು. ಪಾಪ, ಒಂದು ಕಡೆ ಕೂರಲಿ ಅನ್ಸಿತ್ತು ನಂಗೆ," ಎಂದ.

"ಕೂರಿಸ್ಲಿಲ್ಲ ನೀವು. ತಟ್ಟೆ ಕೊಟ್ಟು ನಿಲ್ಲಿಸಿದ್ರಿ."

"ಅದು ನಿಜ," ಎಂದ.

ಎದುರಾಳಿ ಹೀಗೆ ಒಪ್ಪಿಕೊಂಡುಬಿಟ್ಟರೆ ಜಗಳ ಮುಂದುವರಿಸುವುದು ಕಷ್ಟ. ಅಂದು ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋದಮೇಲೂ ಅವನು ಅದನ್ನು ಹೇಳಿದ ರೀತಿ ತಲೆಯಿಂದ ಹೋಗಲಿಲ್ಲ. ಗುರುವಾರ ಬಾಗಿಲ ಗಂಟೆ ಸದ್ದಾದಾಗಲೆಲ್ಲ ತಲೆ ಎತ್ತಿದೆ. ಮಧ್ಯಾಹ್ನ ಬಂದ. ಈ ಸಲ ಕನ್ನಡಕದ ನೆಪ ಹೇಳಲಿಲ್ಲ, ಎರಡು ಬಿಸಿ ವಾಫಲ್ ತಂದಿದ್ದ.

"ಜಗಳಕ್ಕೆ ಶಕ್ತಿ ಬೇಕಲ್ವಾ," ಎಂದು ಒಂದನ್ನು ನನ್ನ ಕಡೆ ನೂಕಿದ.

ತಿನ್ನುತ್ತ ತಿನ್ನುತ್ತ ಹೇಳಿದ: ಹೊಸ ಕಾಮಿಕ್ಸ್ ಆಲ್ಬಮ್ಮಿನ ಕೊನೆಯ ಪುಟ ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಅದರಲ್ಲಿ ಮಸಿರಾಣಿ ಸಾಯುತ್ತಾಳೆ.

ವಾಫಲನ್ನು ಕೆಳಗಿಟ್ಟೆ. "ಯಾರು ಹೇಳಿದ್ದು ಸಾಯಿಸೋಕೆ?"

"ಯಾರೂ ಹೇಳಿಲ್ಲ. ಕೊಲ್ಸೋನ್ ಅಂತ ಒಬ್ಬ ಇದಾನೆ. ಮುಖ ಕಂಡಿಲ್ಲ, ಯಾವನೋ ಸಿಡುಕು ಮುದುಕ ಇರ್ಬೇಕು. ತಟ್ಟೆ ಹಿಡಿಯೋದಕ್ಕಿಂತ ಸತ್ತಿದ್ರೆ ಚೆನ್ನಾಗಿತ್ತು ಅಂತ ಬರ್ದ. ನನ್ನ ಕೈಗೆ ಪ್ಲಾಸ್ಟರ್ ಹಾಕಿಸ್ಬೇಕಂತೆ." ಶಾಯಿ ಬೆರಳುಗಳನ್ನು ನೋಡಿಕೊಂಡ. "ಮೂರು ತಿಂಗಳು ಪೆನ್ಸಿಲ್ ಹಿಡಿಯೋಕೆ ಆಗ್ಲಿಲ್ಲ ಸೆವರಿನ್. ಅವನನ್ನ ಕಂಡ್ರೆ ಕಪಾಳಕ್ಕೆ ಬಾರಿಸ್ಬೇಕು ಅನ್ಸುತ್ತೆ. ಆದ್ರೆ ಅವನು ಹೇಳಿದ್ದು ಸರಿ. ಅವಳ ಮಾನ ನಾನೇ ಕಳೆದೆ. ಸತ್ತಾದ್ರೂ ಉಳಿಸ್ಕೊಳ್ಳಲಿ."

ಅದು ನಾನೇ ಎನ್ನಲು ಬಾಯಿ ತೆರೆದೆ. ಅವನು ನನ್ನನ್ನು ನೋಡುತ್ತಿದ್ದ. ಹಾಗೆ ನನ್ನನ್ನು, ನಗು ಎಂದು ಕೇಳದೆ, ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಗಿರಾಕಿ ಬಂದರು, ಅವನು ಎದ್ದು ಹೋದ.

ಎರಡು ದಿನ ನನಗೆ ನೆಮ್ಮದಿ ಇರಲಿಲ್ಲ. ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಅವಳು ಸಾಯುತ್ತಾಳೆ, ಅದೂ ನನ್ನ ಸಾಲಿನಿಂದ. ಸಿಟ್ಟಿನಲ್ಲಿ, ಚೆನ್ನಾಗಿ ಕೇಳಿಸುತ್ತದೆ ಎಂದು ಬರೆದ ಸಾಲು ಅದು. ಅವಳು ಸಾಯಲಿ ಎಂದು ನಾನು ಒಂದು ಕ್ಷಣವೂ ಬಯಸಿರಲಿಲ್ಲ.

ಶನಿವಾರ ಮತ್ತೆ ಅದೇ ಅಂಗಡಿ, ಅದೇ ಸಾಲು, ನನ್ನ ಹಿಂದೆ ಸ್ಟೂಲಿನೊಂದಿಗೆ ಅದೇ ಮಾಸ್ಯೋ ಪಿರಾರ್. "ಮತ್ತೆ ಬಂದ್ಳು ನೋಡಿ," ಎಂದ. ನನ್ನ ಸರದಿ ಬಂದಾಗ ಬೆನ್ನಿನ ಚಿತ್ರವಿದ್ದ ಪುಸ್ತಕವನ್ನೇ ತೆರೆದು ಇಟ್ಟೆ.

ಅನ್ಸೆಲ್ಮ್ ನಕ್ಕ. ಕನ್ನಡಕ ಮೂಗಿನ ಮೇಲೆ ನೆಟ್ಟಗೆ ಕೂತಿತ್ತು. "ಮುಖ ಬೇಕಾ?"

"ಹೆಸರು ಹಾಕಿ. ಪೂರ್ತಿ ಹೆಸರು."

"ಸೆವರಿನ್..." ಬರೆಯತೊಡಗಿದ. "ಮುಂದೆ?"

"ಕೊಲ್ಸೋನ್."

ಪೆನ್ನು ನಿಂತಿತು. ನಗು ಒಂದೇ ಸಲಕ್ಕೆ ಹೋಗಲಿಲ್ಲ, ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ಬಾಯಿಂದ. ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ವಾಫಲ್ ತಿಂದ್ಕೊಂಡು ಕೇಳಿಸ್ಕೊಂಡ್ರಲ್ಲ ಎಲ್ಲ. ಮಜಾ ಬಂತಾ?"

"ಇಲ್ಲ."

"ಮೂರು ತಿಂಗಳು ನಂಗೆ ಕೆಲಸ ಇರ್ಲಿಲ್ಲ!"

"ಗೊತ್ತು. ಪ್ಲಾಸ್ಟರ್ ಮಾತು ತಪ್ಪು. ಸತ್ತಿದ್ರೆ ಚೆನ್ನಾಗಿತ್ತು ಅಂದಿದ್ದೂ ತಪ್ಪು. ಕಾಫಿ ತಟ್ಟೆ ವಿಷಯ ಮಾತ್ರ ವಾಪಸ್ ತಗೊಳ್ಳಲ್ಲ, ಸತ್ರೂ ತಗೊಳ್ಳಲ್ಲ." ಮುಚ್ಚಿದ ಪೆನ್ನನ್ನು ಮತ್ತೆ ಅವನ ಕಡೆ ತಳ್ಳಿದೆ. "ನನ್ನ ಮೇಲಿನ ಸಿಟ್ಟನ್ನ ನನ್ನ ಮೇಲೇ ತೀರಿಸ್ಕೊಳ್ಳಿ. ಅವಳನ್ನ ಸಾಯಿಸ್ಬೇಡಿ. ಕೆಟ್ಟವಳಾಗೇ ಬದುಕಲಿ. ನಗದೇ ಬದುಕೋಕೆ ನಂಗೆ ಅವಳೊಬ್ಬಳೇ ಜೊತೆ."

ಅನ್ಸೆಲ್ಮ್ ಅರ್ಧ ಹೆಸರು ಬರೆದ ಪುಸ್ತಕವನ್ನು ಮುಚ್ಚಿ ನನ್ನ ಕೈಗೆ ಕೊಟ್ಟ.

"ಒಂದು ಸರದಿಗೆ ಒಂದೇ ಪುಟ. ಮುಂದಿನವರು."

ನಮ್ಮ ಸಾಲಿನ ನಿಯಮ ಅದು. ಇನ್ನೊಂದು ಬೇಕಿದ್ದರೆ ಮತ್ತೆ ಕೊನೆಗೆ ಹೋಗಿ ನಿಲ್ಲಬೇಕು. ನಾನು ಕೊನೆಗೆ ಹೋಗಿ ನಿಂತೆ. ಕಾಲು ಸೋತಿತು. ಬಾಗಿಲ ಹೊರಗಿನಿಂದ ಒಳಗೆ, ಕಪಾಟಿನಿಂದ ಕಪಾಟಿಗೆ. ಅವನು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಮಾಸ್ಯೋ ಪಿರಾರ್ ತನ್ನ ಪುಸ್ತಕ ಹಿಡಿದು ಹೊರಡುವಾಗ ನನ್ನ ಹತ್ತಿರ ನಿಂತು, "ತಗೋ ಮಗು, ಕೂತ್ಕೋ. ಮುಂದಿನ ವಾರ ವಾಪಸ್ ಕೊಡು," ಎಂದು ಸ್ಟೂಲನ್ನು ಬಿಟ್ಟು ಹೋದ.

ಕೊನೆಯಲ್ಲಿ ನಾನೊಬ್ಬಳೇ ಉಳಿದೆ. ಅಂಗಡಿಯವಳು ಬಾಗಿಲಿನ ಬೋರ್ಡು ತಿರುಗಿಸುತ್ತಿದ್ದಳು. ಪುಸ್ತಕ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಬದಲಿಗೆ ತನ್ನ ಚೀಲದಿಂದ ಒಂದು ಹಳೆಯ ಆಲ್ಬಮ್ ತೆಗೆದು, ಖಾಲಿ ಪುಟ ತೆರೆದು, ಪೆನ್ನಿನ ಜೊತೆ ನನ್ನ ಮುಂದೆ ಇಟ್ಟ.

"ಈಗ ನೀವು ಬಿಡ್ಸಿ."

"ನಂಗೆ ಬರಲ್ಲ!"

"ಗೊತ್ತು. ಬಿಡಿಸೋ ಕಷ್ಟ ಏನು ಅಂತ ಅಂಕಣ ಬರೆಯೋರಿಗೂ ಸ್ವಲ್ಪ ತಿಳೀಲಿ."

ಬಿಡಿಸಿದೆ. ನಾಲಿಗೆ ಕಚ್ಚಿಕೊಂಡು, ಅವನ ಕಣ್ಣೆದುರೇ, ಕೈ ಬೆವರುತ್ತ. ಕ್ಯಾಪ್ಟನ್ ಬೊರೆಲ್‌ನ ಗದ್ದ ಆಲೂಗಡ್ಡೆಯ ಹಾಗೆ ಬಂತು. ಒಂದು ಕಿವಿ ಕೆನ್ನೆಗೆ ಇಳಿಯಿತು. ಅನ್ಸೆಲ್ಮ್ ಬಗ್ಗಿ ನೋಡಿದ. ತುಟಿ ಬಿಗಿಹಿಡಿದಿದ್ದ, ಆದರೆ ಭುಜ ಅಲುಗುತ್ತಿತ್ತು.

"ಇದಕ್ಕೆ ಎಷ್ಟು ತಿಂಗಳ ಪ್ಲಾಸ್ಟರ್?" ಎಂದ.

"ಆಜೀವ," ಎಂದೆ. ನಗು ಬಂತು. ಯಾರೂ ಕೇಳದೆ, ತಾನಾಗಿ ಬಂತು. ಜೊತೆಗೆ ಅಳುವೂ ಬಂತು.

"ಸೋಮವಾರದ ಪುಟ ಇನ್ನೂ ಖಾಲಿ ಇದೆ," ಎಂದ ಮೆಲ್ಲಗೆ. "ಮೂರು ಸಲ ಸಾಯಿಸೋಕೆ ಕೂತೆ. ಆಗ್ಲಿಲ್ಲ. ಗುರುವಾರದಿಂದ ಅವಳ ಮುಖ ಬಿಡಿಸೋಕೆ ಹೋದ್ರೆ ಬೇರೆ ಯಾರದೋ ಮುಖ ಬರ್ತಿದೆ. ಹುಬ್ಬು ಮಾತ್ರ ಅದೇ."

ನನ್ನ ಬೆರಳು ನನ್ನ ಹುಬ್ಬಿಗೆ ಹೋಯಿತು.

"ನಾಳೆ ಬಂದು ಎದುರಿಗೆ ಕೂತ್ಕೋತೀಯಾ?" ಎಂದ. ಬಹುವಚನ ಎಲ್ಲಿ ಬಿದ್ದುಹೋಯಿತೋ. "ನಗಬೇಡ. ಸಿಟ್ಟಲ್ಲೇ ಇರು. ದೀಪ ಆರಿಸ್ತಾ ಇರೋ ಹಾಗೆ ಬಿಡಿಸ್ತೀನಿ."

"ಕಾಫಿ?"

"ನಾನೇ ಮಾಡ್ಕೊಡ್ತೀನಿ. ತಟ್ಟೆ ಸಮೇತ."

ಪೆನ್ನನ್ನು ಆಲೂಗಡ್ಡೆ ಬೊರೆಲ್‌ನ ಕೆಳಗೆ ಇಟ್ಟು, ಒಂದು ವಾರದ ಹಿಂದೆ ಅವನು ನನ್ನನ್ನು ನೋಡಿದಷ್ಟೇ ಬಿಗುವಾಗಿ ಅವನನ್ನು ನೋಡಿದೆ.

"ಹೆಸರು?"

ಶಾಯಿ ಹತ್ತಿದ ಕೈಯನ್ನು ಅವನು ನನ್ನ ಕೈಯ ಪಕ್ಕದಲ್ಲಿಟ್ಟ, ಬೆರಳು ಬೆರಳಿಗೆ ತಗಲುವಷ್ಟು ಹತ್ತಿರ.

"ಅನ್ಸೆಲ್ಮ್. ಹೆಸರು ಹಾಕು. ಇದನ್ನ ನಾನು ಮಾರೋದಿಲ್ಲ."