ನಾಲಗೆಯಡಿಯ ಗುಳಿಗೆ

ಸಿಂದಗಿ ಬಸ್ಸಿನಲ್ಲಿ ನಾನು ಅವನನ್ನು ಮೊದಲು ಬೈದೆ, ಆಮೇಲೆ ನೋಡಿದೆ.

“ಇಲ್ಲಿ ಯಾರರ ಬರ್ತಾರೇನ್ರಿ?” ಎಂದು ಪಕ್ಕದ ಸೀಟು ತೋರಿಸಿ ಕೇಳಿದರೆ, ತುಟಿ ಬಿಗಿಹಿಡಿದು ತಲೆಯಲ್ಲಾಡಿಸಿದ.

“ಗುಟ್ಕಾ ಉಗುಳಿ ಮಾತಾಡಾಕ ಏನ್ ಧಾಡಿ ಆಗೇತ್ರಿ?”

ಅವನ ಕಣ್ಣುಗಳು ನಕ್ಕವು. ಸ್ವಲ್ಪ ಹೊತ್ತಿನ ಮೇಲೆ ಬಾಯಿ ತೆರೆದು ಬಿಳಿ ಹಲ್ಲು ತೋರಿಸಿದ. “ಗುಟ್ಕಾ ಅಲ್ರಿ, ಔಷಧ. ನಾಲಗಿ ಕೆಳಗ ಕರಗೂತನಕ ಮಾತಾಡಬಾರದು. ಈಗ ಬೈರಿ, ಉತ್ತರ ಕೊಡ್ತೇನಿ.”

ಹೆಸರು ಶ್ರೀಶೈಲ, ಗೊಳಸಂಗಿ ಶಾಲೆಯ ಮಾಸ್ತರ. ಬೈಕಿನಿಂದ ಬಿದ್ದು ಸೊಂಟ ಮುರಿದಾಗ ಕೊಟ್ಟ ನೋವಿನ ಗುಳಿಗೆ, ನೋವು ಹೋದರೂ ಅವನನ್ನು ಬಿಟ್ಟಿರಲಿಲ್ಲ. ಅದಿಲ್ಲದಿದ್ದರೆ ಕೈ ನಡುಗುತ್ತಿತ್ತು, ನೌಕರಿಯೂ ಹೋಗುವುದರಲ್ಲಿತ್ತು. ಆ ಚಟ ಬಿಡಿಸಲು ವಿಜಯಪುರದ ಡಾಕ್ಟರು ದಿನಾ ನಾಲಗೆಯಡಿ ಇಡುವ ಈ ಗುಳಿಗೆ ಕೊಟ್ಟ ಮೇಲೆ ಮತ್ತೆ ಮನುಷ್ಯನಾದ. ಇದನ್ನೆಲ್ಲ ಅವನೇ ಹೇಳಿದ, ಏನೂ ಮುಚ್ಚಿಡಲಿಲ್ಲ. ನಾನು ಸೋತದ್ದು ಅಲ್ಲೇ.

ನಾನೂ ಮನೆಯಲ್ಲಿ ಮುಚ್ಚಿಡಲಿಲ್ಲ. ಬಾಗೇವಾಡಿಯ ನಮ್ಮ ಪಡಸಾಲೆಯಲ್ಲಿ ಮದುವೆ ಮಾತು ಮುಗಿದು, ಬಾಯಿಗೆ ಸಕ್ಕರೆ ಹಾಕುವುದೊಂದೇ ಬಾಕಿ ಇತ್ತು. ಸಕ್ಕರೆ ಬಿದ್ದರೆ ಮದುವೆ ಗಟ್ಟಿ. ಅಪ್ಪ ಇಲ್ಲದ ಮನೆಗೆ ರಾಚಪ್ಪ ಕಾಕಾನೇ ಹಿರಿಯ. ಅವನು ಬರುವುದು ತಡವೆಂದು ಶ್ರೀಶೈಲ ಗುಳಿಗೆ ಇಟ್ಟುಕೊಂಡ. ಕಾಕಾ ಆಗಲೇ ಬಂದುಬಿಟ್ಟ.

“ಆ ಚಟದ ಗುಳಿಗಿ ಇವತ್ತಿಂದ ಬಿಡ್ತೇನಿ ಅಂತ ಆಣಿ ಮಾಡಪಾ. ಇಲ್ಲಂದ್ರ ಆ ಬಾಯಾಗ ನಾ ಸಕ್ಕರಿ ಹಾಕಂಗಿಲ್ಲ.”

ಉಗುಳಿ ಮಾತಾಡಲೇ ಎಂದು ಶ್ರೀಶೈಲ ಕಣ್ಣಲ್ಲೇ ಕೇಳಿದ. ಬೇಡವೆಂದು ನಾನೂ ಕಣ್ಣಲ್ಲೇ ಗದರಿದೆ.

“ನೋಡ ಭಾಗ್ಯಾ, ಬಾಯೇ ಇಲ್ಲ ಇವಗ!” ಎಂದ ಕಾಕಾ ನನ್ನ ಕಡೆ ತಿರುಗಿ, ಗಲ್ಲದೊಳಗಿನ ತಂಬಾಕು ಸರಿಸುತ್ತ.

ನನಗೆ ಮೈಯೆಲ್ಲ ಉರಿಯಿತು.

“ಕಾಕಾ, ಈ ಗುಳಿಗಿಂದನ ಅವ ಎದ್ದು ಸಾಲಿಗಿ ಹೊಂಟಾನ. ಬಿಡು ಅಂದ್ರ ಮತ್ತ ಬೀಳು ಅಂದಂಗ. ನಾಳೆ ಜೀವ ಹೋದ್ರ ನೀ ತಂದ ಕೊಡ್ತಿಯೇನು? ಚಟ ಯಾರ ಬಾಯಾಗ ಐತಿ, ತೆರೆದು ತೋರಸು!”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಉತ್ತರ ಕೊಡಬೇಕೆಂದರೆ ಕಾಕಾನ ಬಾಯಿ ಮೊದಲು ಖಾಲಿಯಾಗಬೇಕಿತ್ತು. ಗುರುಗುಟ್ಟುತ್ತ ಉಗುಳಲು ಅಂಗಳಕ್ಕೆ ಹೋದ.

“ಕರಗಿತೇನ್ರಿ?” ಎಂದು ಪಿಸುಗುಟ್ಟಿದೆ.

ಶ್ರೀಶೈಲ ಬಾಯಿ ತೆರೆದು ತೋರಿಸಿದ. ಸಕ್ಕರೆ ಬಟ್ಟಲನ್ನು ನನ್ನ ಕಡೆ ಸರಿಸಿದವಳು ಅವ್ವ. ಒಂದು ಚಿಟಿಕೆ ಅವನ ಬಾಯಿಗೆ ಹಾಕಿದೆ. ಅವನೂ ನನಗೆ ಹಾಕಿದ. ಕೈ ನಡುಗಲಿಲ್ಲ.

ಕಾಕಾ ಬಾಯಿ ಮುಕ್ಕಳಿಸಿ ಒಳಗೆ ಬಂದಾಗ ಎದ್ದುನಿಂತು ಮಾತಾಡಿದವನು ಶ್ರೀಶೈಲನೇ.

“ತಡಾ ಆತ್ರಿ ಕಾಕಾ, ಸಕ್ಕರಿ ಬಿದ್ದೇತಿ. ಗುಳಿಗಿ ನಾಳೆನೂ ತಗೋತೇನಿ.”