ಕಾಣೆಯಾದ ನಾಲ್ಕನೇ ರೀಲು

ಐದನೇ ಡಬ್ಬಿ ಖಾಲಿಯಾಗಿತ್ತು.

ಆಪರೇಟರ್ ಅದನ್ನು ಬೋರಲು ಹಾಕಿ ಅಲುಗಾಡಿಸಿದ, ರೀಲು ಮೂಲೆಯಲ್ಲೆಲ್ಲೋ ಅವಿತಿರಬಹುದೆಂಬಂತೆ. ಮ್ಯಾಟಿನಿಗೆ ಜನ ಆಗಲೇ ಸೇರುತ್ತಿದ್ದರು. ಮ್ಯಾನೇಜರ್ ಪ್ರೊಜೆಕ್ಟರ್ ಕೋಣೆಯ ಸ್ಟೂಲಿನ ಮೇಲೆ ಕುಸಿದ. ಇವತ್ತು ಜನ ಅರ್ಧಕ್ಕೇ ಎದ್ದುಹೋದರೆ ಚಿತ್ರಮಂದಿರ ಗೋದಾಮಾಗುತ್ತದೆ ಎಂದು ಮಾಲೀಕರು ಕಡ್ಡಿ ಮುರಿದಂತೆ ಹೇಳಿದ್ದರು. ಅಂಥ ದಿನಕ್ಕೆ ಇವನು ಆರಿಸಿದ್ದು ಕಾಲಯಾನದ ಸಿನಿಮಾ! ಗಡಿಯಾರ ರಿಪೇರಿಯವಳು ಒಂದೇ ಬೆಳಗಿಗೆ ಮತ್ತೆ ಮತ್ತೆ ಮರಳಿ, ಕೊನೆಗೆ ತನಗೆ ತಾನೇ ಎದುರಾಗುತ್ತಾಳೆ. ನೋಡಲೇಬೇಕಾದ ಚಿತ್ರ. ಆದರೆ ಬಿಡುಗಡೆಯಾದ ಕಾಲದಲ್ಲಿ ಪ್ರೇಕ್ಷಕರು ಮಧ್ಯದಲ್ಲೇ ಮನೆಗೆ ನಡೆದಿದ್ದರು.

ರಜೆಯಲ್ಲಿದ್ದ ಪೊಲೀಸ್ ಇನ್ಸ್‌ಪೆಕ್ಟರ್, ಸಿನಿಮಾ ನೋಡಲು ಬಂದವಳು, ಸುದ್ದಿ ಕೇಳಿ ಟಿಕೆಟ್ ಹಿಡಿದುಕೊಂಡೇ ಮೇಲೆ ಬಂದಳು.

* * *

ಮೊದಲು ಎಲ್ಲರ ಕಣ್ಣು ಬಿದ್ದದ್ದು ಮಾಲೀಕರ ಭಾಮೈದನ ಮೇಲೆ. ಗೋದಾಮಿನ ಕನಸು ಅವನದೇ. ಬೆಳಿಗ್ಗೆ ಈ ಕೋಣೆಗೂ ಬಂದಿದ್ದ. ಗೋಡೆ ಅಳೆಯಲು ಬಂದೆ, ಡಬ್ಬಿ ಮುಟ್ಟಿ ಅಂಗಿ ಕೊಳೆ ಮಾಡಿಕೊಳ್ಳಲು ನನಗೇನು ಹುಚ್ಚೇ ಎಂದು ಅವನು ಸಿಡುಕಿದ. ಅವನಲ್ಲದೆ ಬಂದವರು ಒಬ್ಬರೇ: ಮ್ಯಾನೇಜರನ ದೊಡ್ಡಮ್ಮ. ಪ್ರಾಯದಲ್ಲಿ ಈ ಚಿತ್ರವನ್ನು ಸಂಕಲಿಸಿದವರು, ಇಂದಿನ ಅತಿಥಿ. ಆಪರೇಟರ್ ಚಹಾಕ್ಕೆ ಹೋಗಿದ್ದಾಗ ಹಳೆಯ ಯಂತ್ರ ನೋಡಲೆಂದು ಹತ್ತಿದ್ದರಂತೆ.

ಇನ್ಸ್‌ಪೆಕ್ಟರ್ ಉಳಿದ ಡಬ್ಬಿಗಳನ್ನೂ ತೆರೆಸಿದಳು. ನಾಲ್ಕನೆಯದರಲ್ಲಿದ್ದ ಫಿಲ್ಮ್ ಬಿಡಿಸಿದ ಆಪರೇಟರ್ ಅದರ ತುದಿಯ ಅಂಕಿ ನೋಡಿ ಹಣೆ ಚಚ್ಚಿಕೊಂಡ.

"ಇದು ಐದನೇ ರೀಲು ಮೇಡಂ. ನಿನ್ನೆ ಎತ್ತಿಡುವಾಗ ನಮ್ಮ ಮಾವನ ಫೋನ್ ಬಂತು. ಅವರು ಬಾಯಿ ಬಿಟ್ರೆ ನನ್ನ ಕೈ ನನ್ನ ಮಾತು ಕೇಳಲ್ಲ."

"ಅಂದ್ರೆ ಹೋಗಿರೋದು ನಾಲ್ಕು. ಅದರಲ್ಲೇನಿದೆ?"

"ಪ್ರೊಫೆಸರು ಬೋರ್ಡ್ ಮುಂದೆ ನಿಂತು ಕಾಲಯಾನ ಅಂದ್ರೇನು ಅಂತ ವಿವರಿಸ್ತಾರೆ. ಇಡೀ ರೀಲು ಅದೇ."

* * *

ಹಜಾರದ ಬೆಂಚಿನಲ್ಲಿ ದೊಡ್ಡಮ್ಮ ದೊಡ್ಡ ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇನ್ಸ್‌ಪೆಕ್ಟರ್ ಪಕ್ಕದಲ್ಲೇ ಕೂತಳು. ಮ್ಯಾನೇಜರ್ ಎದುರು ನಿಂತ.

"ಆಟ ಕೆಡಿಸೋಕೆ ಬಂದವನಾದ್ರೆ ಕೈಗೆ ಸಿಕ್ಕಿದ ಡಬ್ಬೀನೇ ಎತ್ತಿಕೊಂಡು ಹೋಗ್ತಿದ್ದ," ಎಂದಳು. "ನೀವು ಡಬ್ಬಿ ಮುಚ್ಚಿ ಅಲ್ಲೇ ಬಿಟ್ರಿ, ರೀಲು ಮಾತ್ರ ತಗೊಂಡ್ರಿ. ಅದೂ ಮೇಲೆ ಬರೆದಿದ್ದನ್ನ ನಂಬದೆ, ಫಿಲ್ಮನ್ನ ಬೆಳಕಿಗೆ ಹಿಡಿದು ನೋಡಿ. ಅದಲುಬದಲಾಗಿದ್ದು ಆಪರೇಟರ್‌ಗೇ ಗೊತ್ತಿರಲಿಲ್ಲ. ಉಗುರಿನಷ್ಟು ಚಿತ್ರದಲ್ಲಿ ಆ ಪ್ರೊಫೆಸರನ್ನ ಗುರುತು ಹಿಡಿಯೋರು ಬೆಳಿಗ್ಗೆ ಮೇಲೆ ಬಂದವರಲ್ಲಿ ನೀವೊಬ್ಬರೇ."

ದೊಡ್ಡಮ್ಮ ಚೀಲವನ್ನು ಮುಂದೆ ತಳ್ಳಿದರು.

"ಅದು ನನ್ನ ಸಿನಿಮಾದಲ್ಲಿ ಇರಲೇ ಇಲ್ಲಮ್ಮ. ನಿರ್ಮಾಪಕರು ಹೆದರಿಕೊಂಡು ಆಮೇಲೆ ತುರುಕಿಸಿದ್ರು. ಜನ ಎದ್ದುಹೋಗಿದ್ದು ಅರ್ಥವಾಗದೆ ಅಲ್ಲ, ಪಾಠ ಕೇಳಲಾರದೆ."

"ಬಾಯಿಬಿಟ್ಟು ಕೇಳಿದ್ರೆ ನಾನೇ ತೆಗೀತಿದ್ನಲ್ಲ ದೊಡ್ಡಮ್ಮ?"

"ತೆಗೀತಿರಲಿಲ್ಲ ಬಿಡು. ನೀನೂ ಹೆದರಿದ್ದೆ."

ಮ್ಯಾನೇಜರ್ ಚೀಲ ಎತ್ತಿಕೊಂಡ. ಅದನ್ನೂ ಬಾಗಿಲನ್ನೂ ನೋಡಿದ. ಒಳಗೆ ಮಾಲೀಕರು ಆಗಲೇ ಕೂತಿದ್ದರು. ಆಮೇಲೆ ಚೀಲವನ್ನು ಬೆಂಚಿನ ಕೆಳಗೆ ಸರಿಸಿ, ಮೂರನೇ ರೀಲಾದ ಮೇಲೆ ಐದನೇದು ಹಾಕು ಎಂದು ಆಪರೇಟರ್‌ಗೆ ಹೇಳಿದ.

* * *

ಯಾರೂ ಏಳಲಿಲ್ಲ. ದೀಪ ಹತ್ತಿದ ಮೇಲೂ ಏಳಲಿಲ್ಲ. ಚಿತ್ರದ ಕೊನೆಗೆ ಮನೆಗೆ ಹೋದ ಗಡಿಯಾರದವಳು ಯಾವ ಬೆಳಗಿನವಳು ಎಂದು ಸಾಲು ಸಾಲೇ ಜಗಳಕ್ಕೆ ಬಿದ್ದಿತ್ತು. ಮಾಲೀಕರು ಸೀಟಿನಲ್ಲಿ ಹಿಂದಕ್ಕೆ ತಿರುಗಿ, ಗುರುತಿಲ್ಲದ ಹೆಂಗಸೊಬ್ಬರ ಜೊತೆ ವಾದಕ್ಕಿಳಿದಿದ್ದರು. ಸೋತರೆಂದು ಕಾಣುತ್ತದೆ. ಮ್ಯಾನೇಜರನ್ನು ಕೈಸನ್ನೆ ಮಾಡಿ ಕರೆದರು.

"ನಾಳೇನೂ ಇದನ್ನೇ ಹಾಕು. ನಾಡಿದ್ದೂ ಇರಲಿ. ಈಯಮ್ಮ ಹೇಳೋದು ನಿಜವಾ ಅಂತ ನೋಡಬೇಕು."